ಎದುರುಮನೆಯಲ್ಲಿ ಇಟ್ಟ ಸಾಮಾನು

ಲಾಕ್‌ಡೌನ್ ಮುಗಿದು ವರ್ಷಗಳೇ ಕಳೆದಿದ್ದರೂ ನನ್ನ ಗಂಡನ ಮನಸ್ಸಿನಿಂದ ಅದು ಹೋಗಿರಲಿಲ್ಲ. ಆಗ ಹಾಲಿಗಾಗಿ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗಿದ್ದನ್ನು ಅವರು ಮರೆಯಲೇ ಇಲ್ಲ. ಭೋರ್ ಕಡೆ ಹೋದರೆ ಅಕ್ಕಿ ಚೀಲ, ಸಾಸವಡದ ಕಡೆ ಹೋದರೆ ಜೋಳ, ನಮ್ಮ ಹಡಪಸರದ ಹೋಲ್‌ಸೇಲ್ ಅಂಗಡಿಯಿಂದ ಎಣ್ಣೆ ಡಬ್ಬಿ, ಸೋಪಿನ ಪುಡಿ, ಫಿನಾಯಿಲ್. ಇವೆಲ್ಲ ಬಂದು ಸೇರುತ್ತಿದ್ದುದು ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ.

ಮೊದಲು ದಿವಾನದ ಪೆಟ್ಟಿಗೆ ತುಂಬಿತು. ಆಮೇಲೆ ಬಚ್ಚಲಿನ ಮೇಲಿನ ಅಟ್ಟ, ಸೋಫಾದ ಹಿಂಬದಿ, ಕಪಾಟಿನ ತಲೆ. ಜಾಗವಿಲ್ಲದೆ ಸೋಪಿನ ಪುಡಿಯನ್ನು ಅಕ್ಕಿ ಚೀಲಕ್ಕೆ ಒತ್ತಿ ಇಟ್ಟಿದ್ದೆ. ಅನ್ನ ಬಾಯಿಗಿಟ್ಟರೆ ಬಟ್ಟೆ ಒಗೆದ ನೀರಿನ ವಾಸನೆ. ಅಂದು ನಾವಿಬ್ಬರೂ ಜೋರಾಗಿಯೇ ಜಗಳವಾಡಿದೆವು. ಬಾಗಿಲು ತೆರೆದೇ ಇತ್ತೆಂದು ಕಾಣುತ್ತದೆ, ಮರುದಿನ ಎದುರು ಫ್ಲ್ಯಾಟಿನ ಹಿರಿಯ ಹೆಂಗಸು, ನಾವೆಲ್ಲ ಕಾಕು ಎಂದರೆ ಚಿಕ್ಕಮ್ಮ ಎಂದು ಕರೆಯುವವರು, ಬಂದು ನಿಂತರು.

ಕಾಕು ಸೊಲ್ಲಾಪುರದ ಕಡೆಯವರು. ಕನ್ನಡವೇ ಮನೆಮಾತು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಸುತ್ತಲಿನ ಮರಾಠಿಯವರ ನಡುವೆ ಒಂದೇ ಭಾಷೆಯವರೆಂದು ನಾನು ಹೊಸದರಲ್ಲಿ ಸಲಿಗೆ ಬೆಳೆಸಲು ಹೋಗಿದ್ದೆ. ಒಂದೆಸಳು ಕರಿಬೇವು ಕೇಳಿದರೂ ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತಿದ್ದರು. ಅಂಥವರು ಈಗ ತಾವಾಗಿ ಬಂದು, "ನಮ್ಮ ಒಳಗಿನ ಖೋಲಿ ಖಾಲಿನ ಅದ. ಎಷ್ಟ ಬೇಕಾದಷ್ಟ ಸಾಮಾನ ತಂದಿಡ್ರಿ. ಒಂದ ಕೀಲಿ ನಿಮ್ಮ ಕಡೆನೂ ಇರ್ಲಿ" ಎಂದರು.

ಅವರು ಹೋದ ಮೇಲೆ ಗಂಡ ಕೇಳಿದರು: "ಇಷ್ಟ ವರ್ಷ ಇಲ್ಲದ್ದು ಈಗ ಯಾಕ ಇಷ್ಟ ಪ್ರೀತಿ?"

ನನಗೂ ಅದೇ ಪ್ರಶ್ನೆ. ಆದರೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಲಗಳನ್ನೂ ಪೆಟ್ಟಿಗೆಗಳನ್ನೂ ಸಾಗಿಸಿ, ಆ ಕೋಣೆಯ ಒಂದು ಮೂಲೆಯಲ್ಲಿ, ಅಲ್ಲಿದ್ದ ಖಾಲಿ ಮಂಚಕ್ಕೆ ತಾಗದಂತೆ ಒಟ್ಟಿದೆವು.

ಮುಂದಿನ ವಾರ ಸೋಪು ತರಲು ಹೋದರೆ ಎಲ್ಲವೂ ಜಾಗ ಬದಲಿಸಿದ್ದವು. ಅಕ್ಕಿ ಚೀಲ ಮಂಚದ ಮೇಲೆ ಏರಿತ್ತು. ಎಣ್ಣೆ ಡಬ್ಬಿಗಳು ಕೋಣೆಯ ನಡುವೆ ಸಾಲಾಗಿ ನಿಂತಿದ್ದವು. ನಾನು ಅಂಟಿಸಿದ್ದ ಟೇಪನ್ನು ಯಾರೋ ಬಿಚ್ಚಿದ್ದರು.

"ಇಲಿ ಬಂದಿತ್ತವ್ವಾ" ಎಂದರು ಕಾಕು. ಮುಖ ನೋಡಿ ಹೇಳಲಿಲ್ಲ.

ಇಲಿ ಅಕ್ಕಿ ಚೀಲವನ್ನು ಮಂಚಕ್ಕೆ ಹತ್ತಿಸುತ್ತದೆಯೇ? ಅಂದಿನಿಂದ ನಾನು ಸುಮ್ಮನೆ ನೆಪ ಹುಡುಕಿ ಹೋಗತೊಡಗಿದೆ. ಒಮ್ಮೆ ಎಣ್ಣೆ ಡಬ್ಬಿಯೊಂದು ಕಡಿಮೆ ಕಂಡಿತು. ಇನ್ನೊಮ್ಮೆ ನಮ್ಮದಲ್ಲದ ರಟ್ಟಿನ ಪೆಟ್ಟಿಗೆಗಳು ಸೇರಿಕೊಂಡಿದ್ದವು. ಎತ್ತಿ ನೋಡಿದರೆ ಹಗುರ, ಒಳಗೆ ಬರೀ ಹಳೆಯ ಪೇಪರು. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕಾಕುವಿನದು ಒಂದೇ ಮಾತು: "ಇನ್ನೂ ಏನರ ಇದ್ರ ತರ್ರಿ." ಇದು ಯಾವ ವ್ಯವಹಾರವೆಂದು ತಲೆಗೆ ಹತ್ತಲಿಲ್ಲ. ಕದ್ದ ಮಾಲನ್ನು ನಮ್ಮ ಸಾಮಾನಿನ ಹಿಂದೆ ಮುಚ್ಚಿಡುತ್ತಿದ್ದಾರೇನೋ ಎಂದು ಗಂಡ ಹೆದರಿದರು. ಸಾಮಾನನ್ನೆಲ್ಲ ವಾಪಸು ತರುವುದೆಂದು ನಿಶ್ಚಯಿಸಿದೆವು.

ಆ ಭಾನುವಾರ ನಾನು ಹೋದಾಗ ಕಾಕುವಿನ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಲ್ಲಿ ಒಂದು ಬ್ಯಾಗು. ಒಳಗೆ ಮೂವತ್ತರ ಆಸುಪಾಸಿನ ಒಬ್ಬ ನಿಂತಿದ್ದ. ಕಾಕುವಿನ ಮೈದುನನ ಮಗ. ಅವನ ಕಣ್ಣು ಕೋಣೆಯ ಮಂಚವನ್ನು ಹುಡುಕುತ್ತಿತ್ತು. ಮಂಚ ಚೀಲಗಳಡಿ ಮುಚ್ಚಿಹೋಗಿತ್ತು.

"ಇಕಾ, ಇವರದ ಸಾಮಾನ," ಎಂದು ಕಾಕು ನನ್ನನ್ನು ಮುಂದೆ ತಳ್ಳಿದರು. "ನಾ ಮಾತ ಕೊಟ್ಟೀನಿ. ಈಗ ತೆಗೀರಿ ಅಂತ ಹ್ಯಾಂಗ ಹೇಳ್ಲಿ?"

ಅವನು ನನ್ನ ಕಡೆ ತಿರುಗಿದ. "ವೈನಿ, ನನಗ ಇಲ್ಲೇ ಕಂಪನ್ಯಾಗ ಕೆಲಸ ಸಿಕ್ಕದ. ಇದನ್ನೆಲ್ಲ ಯಾವಾಗ ಒಯ್ತೀರಿ?"

ಒಯ್ಯಲೆಂದೇ ಬಂದಿದ್ದೆ ನಾನು. ಆದರೆ ಕಾಕು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದು ಒತ್ತಿದರು.

"ಸದ್ಯಕ್ಕ ಆಗೂದಿಲ್ರಿ," ಎಂದುಬಿಟ್ಟೆ. "ನಮ್ಮ ಮನ್ಯಾಗ ಜಾಗಾನ ಇಲ್ಲ."

ಅವನು ಚಹಾ ಕುಡಿದು, ಬ್ಯಾಗೆತ್ತಿಕೊಂಡು ಹೋದ. ಬಾಗಿಲು ಹಾಕಿ ಕಾಕು ಅಕ್ಕಿ ಚೀಲದ ಮೇಲೆಯೇ ಕುಳಿತರು.

"ಒಮ್ಮೆ ಒಳಗ ಕಾಲಿಟ್ರ ಹೊರಗ ಹೋಗೂದಿಲ್ಲವ್ವಾ. ಇವನಪ್ಪ ನಮ್ಮ ಊರ ಮನಿ ಹಂಗ ನುಂಗಿದ. ನಾಕ ದಿನಾ ಇರ್ತೀನಂತ ಬಂದಾಂವ, ಕಡೀಗೆ ನನ್ನ ಹಾಸಗಿ ಪಡಸಾಲಿಗೆ ಹಾಕಿದ. ಈಗ ಮಗನ್ನ ಕಳಿಸ್ಯಾನ. ಬರ್ತಾನಂತ ಮೊದಲ ಸುದ್ದಿ ಬಂದಿತ್ತು, ಅದಕ್ಕ ಖಾಲಿ ಪೆಟಗಿನೂ ಇಟ್ಟ ಖೋಲಿ ತುಂಬಿಸಿದೆ."

"ಮತ್ತ ಮೊದಲ ಹೇಳಬೇಕಿತ್ತಲ್ರೀ ಕಾಕು."

"ಹೇಳಿದ್ರ ಊರಿನ ಜಗಳ ನಮಗ್ಯಾಕ ಅಂತ ಸಾಮಾನ ಇಡ್ತಿದ್ದಿಲ್ಲ ನೀವು." ಆಮೇಲೆ ಸೇರಿಸಿದರು: "ಒಂದ ಎಣ್ಣಿ ಡಬ್ಬಿ ನಾನ ತಗೊಂಡೀನಿ. ಜಾಗಾದ ಬಾಡಗಿ ಅಂತ ತಿಳೀ."

ನನಗೆ ನಗು ಬಂತು. ಸಿಟ್ಟೂ ಬಂತು. ಗಂಡನಿಗೆ ಹೇಳಿದಾಗ ಅವರು, "ಆಕಿ ಹೇಳಿದ್ದು ಖರೇ ಅಂತ ಹ್ಯಾಂಗ ನಂಬೂದು?" ಎಂದರು. ಆದರೂ ಸಾಮಾನು ಅಲ್ಲಿಯೇ ಉಳಿಯಿತು. ಅವರ ಖರೀದಿಗೂ ಅಡ್ಡಿಯಿಲ್ಲದಂತಾಯಿತು.

ಕೆಲವು ತಿಂಗಳ ಮೇಲೆ ಬಸ್ ಸ್ಟಾಪಿನಲ್ಲಿ ಆ ಮೈದುನನ ಮಗ ಸಿಕ್ಕ. ಸೊರಗಿದ್ದ. ದೂರದಲ್ಲೆಲ್ಲೋ ಗೆಳೆಯರ ಜೊತೆ ಒಂದು ಕೋಣೆಯಲ್ಲಿ ಇದ್ದಾನಂತೆ. ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತದಂತೆ.

"ಸಾಮಾನ ಇನ್ನೂ ಅದ ಏನ್ರಿ ವೈನಿ?"

"ಅದರಿ."

ಅವನು ನಕ್ಕ. ಎಲ್ಲ ಗೊತ್ತಿದ್ದೂ ಬಿಟ್ಟುಕೊಟ್ಟವನ ನಗುವೋ, ಇನ್ನೊಂದು ದಾರಿ ಹುಡುಕುತ್ತಿರುವವನ ನಗುವೋ ನನಗೆ ತಿಳಿಯಲಿಲ್ಲ. ಬಸ್ಸು ಬಂತು, ಹತ್ತಿ ಹೋದ. ನಾನು ಕೇಳಿದ್ದು ಒಬ್ಬರ ಕಡೆಯ ಮಾತನ್ನು ಮಾತ್ರ ಎಂಬುದು ಆಗ ಹೊಳೆಯಿತು. ತಂದೆ ಮಾಡಿದ್ದಕ್ಕೆ ಮಗನೂ ಹಾಗೆಯೇ ಎಂದು ನಾನೂ ತೀರ್ಮಾನಿಸಿಬಿಟ್ಟಿದ್ದೆನೇನೋ.

ಕಾಕುವಿನ ಮನೆಗೆ ಹೋಗಿ ಅವನು ಸಿಕ್ಕಿದ್ದನ್ನು ಹೇಳಿದೆ. ಹೇಗಿದ್ದಾನೆ ಎಂದು ಕೇಳಬಹುದೆಂದುಕೊಂಡಿದ್ದೆ.

"ನೀ ಏನಂದಿ?" ಎಂದರು.

"ಸಾಮಾನ ಇನ್ನೂ ಅದ ಅಂದೆ."

ಕಾಕು ತಲೆಯಾಡಿಸಿ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು. ಅಡುಗೆಮನೆಗೆ ಹೋಗುವ ಮೊದಲು ಹೊರಬಾಗಿಲಿನ ಚಿಲಕ ಹಾಕಿ, ಎಳೆದು ನೋಡಿದರು.