ಹತ್ತದ ಮೂರನೇ ದೀಪ

ಮೂರು ವರ್ಷದ ಹಿಂದೆ ನಾನು ಒಂದು ಖಾಸಗಿ ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಫೀಲ್ಡ್ ಟೆಕ್ನಿಷಿಯನ್ ಆಗಿದ್ದೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಸಿರುಗುಪ್ಪ, ಕುರುಗೋಡು ಕಡೆಯ ದೂರುಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಹದಿನಾಲ್ಕು ವರ್ಷದ ಅನುಭವ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆ ಬಾಯಿಯಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿರುಗುಪ್ಪದ ಬಸವರಾಜ ಎಂಬುವರು ರೈಸ್ ಮಿಲ್ ಒಂದರಲ್ಲಿ ಸೂಪರ್‌ವೈಸರ್. ಅವರ ಹೆಂಡತಿ ಮಹಡಿಯ ಕೋಣೆಯಲ್ಲಿ ಕೂತು ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ವೈಫೈ ಮಾತ್ರ ಮೆಟ್ಟಿಲ ಅರ್ಧಕ್ಕೇ ನಿಂತುಬಿಡುತ್ತಿತ್ತು. ಕಂಬದಿಂದ ಬರುವ ಫೈಬರ್ ತಂತಿಯನ್ನು ತೆಗೆದುಕೊಂಡು ಮನೆಗೆಲ್ಲ ವೈಫೈ ಹಂಚುವ ಪೆಟ್ಟಿಗೆಗೆ ರೂಟರ್ ಎನ್ನುತ್ತೇವೆ. ಅವರ ರೂಟರ್ ಏಳು ವರ್ಷ ಹಳೆಯದು, ಮನೆಯ ಗೋಡೆಗಳು ಒಂದೂವರೆ ಅಡಿ ದಪ್ಪದ ಕಲ್ಲಿನವು. ಕೆಳಗೆ ಕಂಪನಿಯ ಹೊಸ ರೂಟರ್ ಕೂರಿಸಿ, ಅದರಿಂದ ಮಹಡಿಗೆ ಇಪ್ಪತ್ತು ಮೀಟರ್ ಕೇಬಲ್ ಎಳೆದು, ಅಲ್ಲೊಂದು ಚಿಕ್ಕ ವೈಫೈ ಪೆಟ್ಟಿಗೆ ಹಾಕುವುದೆಂದು ಲೆಕ್ಕ ಹಾಕಿದೆ.

ನಡುಮನೆಯ ಮೂಲೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಕಸೂತಿ ಬಟ್ಟೆ ಹೊದ್ದ ಲ್ಯಾಂಡ್‌ಲೈನ್ ಫೋನು. ಅದರ ತಂತಿ ಹಳೆಯ ರೂಟರಿಗೇ ಸೇರಿತ್ತು. ಪಕ್ಕದಲ್ಲಿ ಬಸವರಾಜನ ತಾಯಿ ಶರಣಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಸುಮ್ಮನಿರಲಾರದೆ ಅಂದೆ:

"ಅಮ್ಮಾ, ಇದನ್ನ ಯಾವುದಾರ ಮ್ಯೂಸಿಯಮ್ಮಿಗೆ ಕೊಟ್ಟುಬಿಡ್ರಿ."

ಅವರು ನಗಲಿಲ್ಲ. "ಅದನ್ನ ಮಾತ್ರ ತೆಗಿಬ್ಯಾಡ ತಮ್ಮಾ. ನಮ್ಮಕ್ಕ ಅದಕ್ಕ ಫೋನ್ ಹಚ್ಚಾಕಿ ಅದಾಳ" ಅಂದರು.

ನಾನು ಕೇಬಲ್ಲಿಗೆ ಮೊಳೆ ಬಡಿಯುತ್ತಿದ್ದಾಗ ಅವರೇ ವಿಷಯ ಹೇಳಿದರು. ಅಕ್ಕ ಗಂಗಮ್ಮ ಅಲ್ಲೇ ಹತ್ತಿರದ ಕರೂರಿನವರು. ಬಸವರಾಜನನ್ನು ಎತ್ತಿ ಆಡಿಸಿ ಬೆಳೆಸಿದವರು. ಆರು ವರ್ಷದ ಹಿಂದೆ ಅವನ ಮದುವೆಗೆ ಅರಿಷಿಣ ಹಚ್ಚುವಾಗ ಗಂಗಮ್ಮನೂ ಬಟ್ಟಲಿಗೆ ಕೈ ಹಾಕಿದ್ದರು. ಗಂಡ ತೀರಿಕೊಂಡು ಇನ್ನೂ ಒಂದು ವರ್ಷವಾಗಿತ್ತಷ್ಟೆ. ಬೀಗರ ಕಡೆಯ ಹಿರಿಯಾಕೆಯೊಬ್ಬರು ಬಟ್ಟಲನ್ನು ಆಚೆ ಸರಿಸಿ, "ನೀ ಸ್ವಲ್ಪ ಹಿಂದ ಸರಿಯವಾ" ಅಂದರಂತೆ. ಪಕ್ಕದಲ್ಲೇ ಇದ್ದ ಶರಣಮ್ಮ ಬಾಯಿ ತೆರೆಯಲಿಲ್ಲ. ಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು, ಊಟ ಮಾಡದೆ ಬಸ್ಸು ಹತ್ತಿ ಹೋಗಿಬಿಟ್ಟರು.

ಆಮೇಲೆ ಶರಣಮ್ಮ ಎರಡು ಸಲ ಕರೂರಿಗೆ ಹೋದರು. ಮೊದಲ ಸಲ ಅಕ್ಕ ಮಾತೇ ಆಡಲಿಲ್ಲ. ಎರಡನೆಯ ಸಲ ಕುಡಿಯಲು ನೀರು ಕೊಟ್ಟು, "ನನಗ ಮನಸಾದಾಗ ನಾನ ಫೋನ್ ಹಚ್ತೀನಿ, ಅಲ್ಲೀಮಟ ಬರಬ್ಯಾಡ" ಅಂದಿದ್ದರು. ಅಕ್ಕನಿಗೆ ಬಾಯಿಪಾಠ ಬರುವುದು ಈ ಒಂದೇ ನಂಬರು. ಹಾಗಾಗಿ ಮನೆಯವರೆಲ್ಲರ ಕೈಗೆ ಮೊಬೈಲ್ ಬಂದರೂ ಆ ಫೋನು ಸ್ಟೂಲಿನ ಮೇಲೆ ಉಳಿದಿತ್ತು. ಅದರಿಂದ ಯಾರೂ ಕರೆ ಮಾಡುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಮಹಡಿಯಲ್ಲಿ ಸಿಗ್ನಲ್ ತುಂಬಿ ಬಂತು, ಸೊಸೆ ಖುಷಿಯಾದರು. ಹೊಸ ರೂಟರಿನ ಮೇಲೆ ಮೂರು ದೀಪ: ಕರೆಂಟಿಗೊಂದು, ಇಂಟರ್ನೆಟ್ಟಿಗೊಂದು, ಫೋನಿಗೊಂದು. ಫೋನಿನ ತಂತಿಯನ್ನು ಸರಿಯಾಗಿಯೇ ಸಿಕ್ಕಿಸಿದ್ದೆ. ಆದರೆ ಪೆಟ್ಟಿಗೆ ಬದಲಾದಾಗ ಫೋನ್ ನಂಬರನ್ನು ಹೊಸ ಪೆಟ್ಟಿಗೆಗೆ ಬಳ್ಳಾರಿ ಆಫೀಸಿನವರು ಕಂಪ್ಯೂಟರಿನಲ್ಲಿ ಸೇರಿಸಬೇಕು. ಅಲ್ಲಿಯವರೆಗೆ ಮೂರನೇ ದೀಪ ಹತ್ತುವುದಿಲ್ಲ. ಅದು ಹತ್ತಿಲ್ಲವೆಂಬುದನ್ನು ನಾನು ಕಣ್ಣಾರೆ ನೋಡಿದೆ. ಆಫೀಸಿಗೆ ಫೋನ್ ಮಾಡಿದರೆ ಆ ಕೆಲಸದವರು ಊಟಕ್ಕೆ ಹೋಗಿದ್ದರು. ಅಷ್ಟರಲ್ಲಿ ಕುರುಗೋಡಿನಿಂದ ಕರೆ: ಜೆಸಿಬಿ ಫೈಬರ್ ಕಿತ್ತಿದೆ, ನಲವತ್ತು ಮನೆ ಬಂದ್, ಕೂಡಲೇ ಹೊರಡು.

ನಮ್ಮಲ್ಲಿ ಕೆಲಸ ಮುಗಿಯಿತೆಂಬುದಕ್ಕೆ ಒಂದು ಪದ್ಧತಿ ಇತ್ತು. ಮನೆಯವರ ಮೊಬೈಲಿಗೆ ನಾಲ್ಕಂಕಿಯ ಓಟಿಪಿ ಬರುತ್ತದೆ, ಅದನ್ನು ನಮ್ಮ ಆ್ಯಪಿಗೆ ಹಾಕಿದರೆ ದೂರು ಮುಚ್ಚಿದಂತೆ. ಇಂಟರ್ನೆಟ್ ವೇಗದ ಫೋಟೊ ಕೇಳುತ್ತಿದ್ದರೇ ಹೊರತು ಫೋನಿನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಬಸವರಾಜ ಓಟಿಪಿ ಹೇಳುತ್ತಿದ್ದಾಗ ಶರಣಮ್ಮ ಕೇಳಿದರು.

"ಫೋನ್ ಬರ್ತೈತೇನಪ್ಪಾ?"

"ಬರ್ತೈತ್ರಿ ಅಮ್ಮಾ, ಚಿಂತಿ ಮಾಡಬ್ಯಾಡ್ರಿ" ಅಂದೆ.

ದಾರಿಯಲ್ಲಿ ಆಫೀಸಿಗೆ ಹೇಳಿದರಾಯಿತು, ಸಂಜೆಯೊಳಗೆ ದೀಪ ಹತ್ತುತ್ತದೆ ಎಂದುಕೊಂಡಿದ್ದೆ. ಕುರುಗೋಡಿನಲ್ಲಿ ಗುಂಡಿಯೊಳಗೆ ಕೂತು ಹೊತ್ತು ಮುಳುಗುವವರೆಗೆ ಫೈಬರ್ ಜೋಡಿಸಿದೆ. ಮರುದಿನ ಬೇರೆ ದೂರುಗಳು. ಮರೆತೆ. ಇದಕ್ಕಿಂತ ದೊಡ್ಡ ಕಾರಣವೇನೂ ನನ್ನ ಬಳಿ ಇಲ್ಲ.

ಹನ್ನೆರಡನೆಯ ದಿನ ಬಸವರಾಜನ ಕರೆ ಬಂತು. "ಆ ಫೋನ್ ಯಾವಾಗಿಂದ ಬಂದ್ ಐತ್ರಿ?" ಅಂದರು. ಕೂಡಲೇ ಬೈಕ್ ಹತ್ತಿದೆ.

ಸಿರುಗುಪ್ಪಕ್ಕೆ ಹೋದ ಮೇಲೆ ನಡೆದದ್ದು ತಿಳಿಯಿತು. ಅದಕ್ಕೆ ಒಂದು ವಾರದ ಹಿಂದೆ ಗಂಗಮ್ಮ ತಮ್ಮ ಸೊಸೆಯ ಮೊಬೈಲ್ ಇಸಿದುಕೊಂಡು ಮೂರು ಸಂಜೆ ತಂಗಿಗೆ ಫೋನ್ ಹಚ್ಚಿದ್ದರು. ಮೂರು ಸಲವೂ ಈ ನಂಬರ್ ಲಭ್ಯವಿಲ್ಲವೆಂಬ ರೆಕಾರ್ಡಿಂಗು. ಮೂರನೆಯ ಸಂಜೆ ಮೊಬೈಲ್ ವಾಪಸು ಕೊಟ್ಟು, "ತಂಗಿ ಫೋನ ತೆಗಿಸಿಬಿಟ್ಟಾಳ. ಇನ್ನ ಬ್ಯಾಡ ಬಿಡು" ಅಂದರಂತೆ. ಅದಾಗಿ ಎರಡು ದಿನಕ್ಕೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಸುದ್ದಿ ತಿಳಿದು ಓಡಿದ ಶರಣಮ್ಮನಿಗೆ ಆ ಸೊಸೆಯೇ ಇದನ್ನೆಲ್ಲ ಹೇಳಿದ್ದರು.

ಆಫೀಸಿಗೆ ಫೋನ್ ಮಾಡಿ ಕೂತೆ. ಐದು ನಿಮಿಷಕ್ಕೆ ಮೂರನೇ ದೀಪ ಹಸಿರಾಗಿ ಹತ್ತಿತು. ಐದೇ ನಿಮಿಷದ ಕೆಲಸ.

"ಬರ್ತೈತಿ ಅಂದಿದ್ದಿ ಅಲ್ಲಪ್ಪಾ" ಅಂದರು ಶರಣಮ್ಮ. ದನಿಯಲ್ಲಿ ಸಿಟ್ಟು ಇರಲಿಲ್ಲ.

"ತಪ್ಪಾತ್ರಿ ಅಮ್ಮಾ."

"ನನಗ ಹೇಳಬ್ಯಾಡ. ಬಾ, ಆಕಿಗೆ ಹೇಳು."

ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕರೂರಿಗೆ ಹೋದೆ. ಗಂಗಮ್ಮ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಹತ್ತಿರ ಕೂತು ಹೇಳಿದೆ: "ದೊಡ್ಡಮ್ಮಾ, ನಿಮ್ಮ ತಂಗಿ ಫೋನ್ ತೆಗಿಸಿಲ್ರಿ. ನಾನ ಅದನ್ನ ಸರಿ ಮಾಡದ ಹೋಗಿದ್ದೆ. ತಪ್ಪು ನಂದು." ಅವರು ನನ್ನನ್ನು ನೋಡಿದರು, ತಂಗಿಯನ್ನು ನೋಡಿದರು. ಎಡಗೈ ಸ್ವಲ್ಪ ಎದ್ದಿತು. ಶರಣಮ್ಮ ಅದನ್ನು ಹಿಡಿದುಕೊಂಡು, "ಅವತ್ತ ನಾ ಬಾಯಿ ಬಿಡಬೇಕಾಗಿತ್ತಕ್ಕಾ" ಅಂದರು. ಗಂಗಮ್ಮನ ತುಟಿಗಳು ಅಲುಗಿದವು, ಮಾತು ಹೊರಡಲಿಲ್ಲ. ನಾವು ಹೇಳಿದ್ದು ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ವಾಪಸು ಬರುವಾಗ ಕಾಲುವೆ ದಾಟಿದ ಮೇಲೆ ಶರಣಮ್ಮ ಅಂದರು, "ಬೈಯಾಕ ಫೋನ್ ಹಚ್ಚಿದ್ಲೋ ಏನೋ. ಬೈದಿದ್ರೂ ಸಾಕಾಗಿತ್ತು."

ಈಗ ನಾನು ಸೂಪರ್‌ವೈಸರ್. ನನ್ನ ಕೈಕೆಳಗೆ ಎಂಟು ಜನ ಟೆಕ್ನಿಷಿಯನ್ನರಿದ್ದಾರೆ. ರೂಟರ್ ಬದಲಿಸಿದ ಮನೆಯಲ್ಲಿ ಫೋನಿದ್ದರೆ ರಿಸೀವರ್ ಎತ್ತಿ ಕೇಳಬೇಕು, ತಮ್ಮ ಮೊಬೈಲಿನಿಂದ ಅದಕ್ಕೆ ರಿಂಗ್ ಕೊಡಬೇಕು, ಮನೆಯವರ ಕಿವಿಗೆ ರಿಂಗ್ ಬಿದ್ದ ಮೇಲೆಯೇ ಓಟಿಪಿ ಕೇಳಬೇಕು ಎಂದು ಹಟ ಹಿಡಿದು ಹೇಳುತ್ತೇನೆ. ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾರಿಗೆ ಬೇಕು ಸಾರ್ ಎಂದು ಅವರು ನಗುತ್ತಾರೆ. ಒಮ್ಮೆ ನಾನೂ ಹಾಗೇ ನಕ್ಕವನು. ಅವತ್ತು ಫೋನ್ ಇನ್ನೂ ಆಗಿಲ್ಲ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಹಾಗೆ ಹೇಳಿದ್ದರೆ ಶರಣಮ್ಮ ಬೇಸರ ಮಾಡಿಕೊಳ್ಳುತ್ತಿದ್ದರು, ಸಂಜೆ ಮಗನಿಂದ ಇನ್ನೊಂದು ಕರೆ ಮಾಡಿಸುತ್ತಿದ್ದರು, ಕೆಲಸ ಆಗುತ್ತಿತ್ತು. ಅವರನ್ನು ಸಮಾಧಾನ ಮಾಡಲು ಹೋಗಿ ಆ ದಾರಿಯನ್ನೂ ನಾನೇ ಮುಚ್ಚಿದೆ.

ನಾವು ಕರೂರಿಗೆ ಹೋಗಿಬಂದ ಎರಡು ತಿಂಗಳಿಗೆ ಗಂಗಮ್ಮ ತೀರಿಕೊಂಡರು. ದಿನಕರ್ಮವೆಲ್ಲ ಮುಗಿದ ವಾರಕ್ಕೆ, ಫೋನ್ ಕನೆಕ್ಷನ್ ತೆಗೆಯಬೇಕೆಂದು ಆ ಮನೆಯಿಂದ ಅರ್ಜಿ ಬಂತು. ಬೇರೆಯವರನ್ನು ಕಳಿಸಬಹುದಿತ್ತು, ನಾನೇ ಹೋದೆ.

"ತೆಗಿಯಪ್ಪಾ ಇನ್ನ" ಅಂದರು ಶರಣಮ್ಮ. ಕಸೂತಿ ಬಟ್ಟೆಯನ್ನು ತಾವೇ ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

ತಂತಿ ಕೀಳುವ ಮುಂಚೆ, ಅಷ್ಟರಲ್ಲಿ ರೂಢಿಯಾಗಿದ್ದರಿಂದ, ರಿಸೀವರ್ ಎತ್ತಿ ಕಿವಿಗೆ ಹಿಡಿದೆ. ಟೋನ್ ಸ್ಪಷ್ಟವಾಗಿ ಬರುತ್ತಿತ್ತು.