ಅಲುಗುವ ದೀಪ, ತಡವರಿಸುವ ಕೈ

ಕೂತಲ್ಲಿ ಕಾಲು ಅಲ್ಲಾಡಿಸಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ನನ್ನನ್ನು ಬೈಯದವರಿಲ್ಲ. ಅವತ್ತು ಅತ್ತಿಬೆಲೆಯ ಆ ಬಿಸ್ಕತ್ತು ಕಾರ್ಖಾನೆಯಲ್ಲಂತೂ ಎರಡೂ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಪೀಣ್ಯದ ನಮ್ಮ ಕಂಪನಿ ಮಾಡಿಕೊಟ್ಟ ಪ್ಯಾಕಿಂಗ್ ಯಂತ್ರದ ಕೈ ಆಗಾಗ ಅರೆಗಳಿಗೆ ತಡವರಿಸಿ ಪೊಟ್ಟಣ ಬೀಳಿಸುತ್ತಿತ್ತು. ಆ ಕೈ ಆಡಿಸುವ ಪ್ರೋಗ್ರಾಂ ಬರೆದವಳು ನಾನು. ಹಾಗಾಗಿ ತಪ್ಪು ನನ್ನದೇ ಎಂದು ನಮ್ಮ ಮ್ಯಾನೇಜರು ತೀರ್ಮಾನಿಸಿ, ಸಂಜೆಯೊಳಗೆ ಕಾರಣ ಸಿಗದಿದ್ದರೆ ನನ್ನ ಕೋಡ್ ಕಿತ್ತು ಬೇರೆಯವರಿಂದ ಬರೆಸುವುದಾಗಿ ಹೇಳಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ವರ್ಷವಿಡೀ ಮಾಡಿದ ಕೆಲಸ ಅದು.

ಯಂತ್ರದೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹಂಚುವುದು ಕರ್ನಲ್ ಎಂಬ ಮೂಲ ತಂತ್ರಾಂಶ. ಅಲ್ಲಿ ಯಾರು ಯಾರನ್ನು ಕಾಯಿಸಿದರು ಎಂದು ತೋರಿಸುವುದಕ್ಕೆ ಟ್ರೇಸಿಂಗ್ ಎಂಬ ಸೌಲಭ್ಯವಿರುತ್ತದೆ. ನಾವೇ ಕಂಪೈಲ್ ಮಾಡಿ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದ ಕರ್ನಲ್‌ನಲ್ಲಿ ಮಾತ್ರ, ಹಗುರವಾಗಿರಲಿ ಎಂದು ಅದನ್ನು ತೆಗೆದುಹಾಕಿದ್ದೆವು. ಬೆಳಿಗ್ಗೆಯೇ ಅದನ್ನು ಸೇರಿಸಿ ಲ್ಯಾಪ್‌ಟಾಪಿನಲ್ಲಿ ಮತ್ತೆ ಕಂಪೈಲಿಗೆ ಹಚ್ಚಿದೆ. ಮುಗಿಯುವವರೆಗೆ ಗೇಟಿನಿಂದ ಓವನ್‌ವರೆಗೆ ಓಡಾಡಿದ್ದೇ ಓಡಾಡಿದ್ದು.

ಹೊಸದನ್ನು ಹಾಕಿ ಯಂತ್ರ ಚಾಲೂ ಮಾಡಿದರೆ ಟ್ರೇಸಿಂಗ್ ಇಲ್ಲವೆಂದೇ ಉತ್ತರ. ನಮ್ಮ ತಂಡದಲ್ಲಿ ಪ್ರತಿ ಕರ್ನಲ್‌ಗೂ ಅವತ್ತು ತಿಂದ ತಿಂಡಿಯ ಹೆಸರಿಡುವುದು ವಾಡಿಕೆ. ನಾನಿಟ್ಟದ್ದು ಪುಳಿಯೋಗರೆ, ಯಂತ್ರ ತೋರಿಸಿದ್ದು ಉಪ್ಪಿಟ್ಟು. ಅಂದರೆ ಎದ್ದು ಕೂತದ್ದು ಹಳೆಯ ಕರ್ನಲ್ಲೇ. ಅವಸರದಲ್ಲಿ ಹೊಸದನ್ನು ಬೇರೆಲ್ಲೋ ಹಾಕಿದ್ದೆ. ನನಗೆ ನಾನೇ ಬೈದುಕೊಂಡು ಸರಿಮಾಡಿದೆ.

ಈ ಸಲ ಟ್ರೇಸಿನ ಸಾಲುಗಳು ಲ್ಯಾಪ್‌ಟಾಪ್ ತುಂಬ ಸುರಿದವು. ಕೈ ತಡವರಿಸಿದಾಗಲೆಲ್ಲ ನನ್ನ ಪ್ರೋಗ್ರಾಂ ಸರದಿಯಲ್ಲಿ ಕಾಯುತ್ತಾ ನಿಂತಿತ್ತು. ಕಾಯಿಸುತ್ತಿದ್ದದ್ದು ಒಂದು ದೀಪ! ಯಂತ್ರದ ಪರದೆಯ ಮೂಲೆಯಲ್ಲಿ, ಕಾರ್ಖಾನೆ ಮಾಲೀಕರ ತೀರಿಹೋದ ತಾಯಿಯ ಫೋಟೋ ಮುಂದೆ, ಅಲುಗಾಡುತ್ತಾ ಉರಿಯುವ ಚಿತ್ರದ ದೀಪ. ಅದು ಅಲುಗಿದಾಗಲೆಲ್ಲ ಯಂತ್ರ ಹೊಸ ಚಿತ್ರ ಬಿಡಿಸಬೇಕು, ಆ ಕೆಲಸ ಮುಗಿದ ಮೇಲೇ ನನ್ನ ಪ್ರೋಗ್ರಾಮಿಗೆ ಸರದಿ. ಮಾಲೀಕರನ್ನು ಮೆಚ್ಚಿಸಲು ನಮ್ಮ ಮ್ಯಾನೇಜರೇ ಮುಂದೆ ನಿಂತು ಹಾಕಿಸಿದ್ದರು.

ಮಾಲೀಕರು ಈ ಊರಿನವರೇ. ಕಾರ್ಖಾನೆ ಎದ್ದದ್ದು ಆ ತಾಯಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ವಿಷಯ ಹೇಳಿದ್ದೇ ಅವರ ಮುಖ ಕಪ್ಪಿಟ್ಟಿತು.

"ಅಮ್ಮನ್ ದೀಪ ಆರ್ಸು ಅಂತೀಯೇನವ್ವಾ?"

"ಆರ್ಸೋದಲ್ಲ ಸಾರ್. ದೀಪ ಉರೀತಾನೇ ಇರುತ್ತೆ. ಅಲ್ಲಾಡೋದು ಮಾತ್ರ ನಿಲ್ಲಿಸ್ತೀನಿ. ಗಾಳಿ ಬೀಸ್ತಿಲ್ಲ ಅನ್ಕೊಳ್ಳಿ."

ಅವರು ಫೋಟೋ ಕಡೆ ತಿರುಗಿದರು. "ಅಂಗಾದ್ರೆ ಮಾಡವ್ವ. ಅಮ್ಮಂಗೂ ತಿನ್ನೋ ಪದಾರ್ಥ ನೆಲಕ್ ಬಿದ್ರೆ ಆಗ್ತಿರ್ಲಿಲ್ಲ."

ದೀಪದ ಕುಡಿ ನಿಂತಿತು. ಕೈ ಎತ್ತಿತು, ಇಟ್ಟಿತು, ಮತ್ತೆ ಎತ್ತಿತು. ಒಂದು ಪೊಟ್ಟಣವೂ ಬೀಳಲಿಲ್ಲ. ಮ್ಯಾನೇಜರಿಗೆ ಟ್ರೇಸ್ ಕಳಿಸಿ ಫೋನ್ ಮಾಡಿದೆ. "ಸರಿ, ನಿನ್ ಕೋಡೇ ಇರ್ಲಿ ಬಿಡಮ್ಮ" ಎಂದರು. ತಪ್ಪಾಯ್ತು ಎಂಬ ಒಂದು ಮಾತಿಲ್ಲ. ಸಿಟ್ಟೂ ಬಂತು, ನಗುವೂ ಬಂತು.

ತಿರುಗಿ ನೋಡಿದರೆ ಮಾಲೀಕರು ಇನ್ನೂ ಯಂತ್ರದ ಮುಂದೆಯೇ ಇದ್ದರು. ಪರದೆಯ ಮೇಲಿನ ದೀಪಕ್ಕೆ ಎರಡೂ ಅಂಗೈ ಅಡ್ಡ ಹಿಡಿದು, ಗಾಳಿ ತಾಕದ ಹಾಗೆ ಕಾಯುತ್ತಾ ನಿಂತಿದ್ದರು. ನನ್ನ ಕಾಲು ನಿಂತದ್ದು ಆಗಲೇ.