ಕ್ಯಾಮೆರಾದ ಹಣೆ

ಅವರ ಎಡಗಣ್ಣಿನ ಸುತ್ತ ಮಾತ್ರ ಸುಕ್ಕುಗಳಿದ್ದವು. ಬಲಗಣ್ಣು ಹುಡುಗಿಯರ ಕಣ್ಣಿನ ಹಾಗೆ ಅಗಲವಾಗಿ, ಸುತ್ತಲೂ ನುಣ್ಣಗೆ ಇತ್ತು. ಮದುವೆಯಾಗಿ ಬಂದ ಹೊಸದರಿಂದ ಗಂಡನ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿದವರು. ಬಲಗಣ್ಣಿನಲ್ಲಿ ನೋಡುತ್ತ, ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ ಮುಚ್ಚಿ ಆದ ಸುಕ್ಕು ಅದು. "ಬಲಗಣ್ಣು ನೋಡಿ ಸುಖ ಪಡ್ತು, ಎಡಗಣ್ಣು ಮುಚ್ಕೊಂಡು ದುಡೀತು" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಬಸವನಗುಡಿಯಲ್ಲಿ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ ಅವರ ಸ್ಟುಡಿಯೋ. ನಾವೆಲ್ಲ ಅವರನ್ನು ಸ್ಟುಡಿಯೋ ಅಮ್ಮ ಎನ್ನುತ್ತಿದ್ದೆವು. ಗಂಡ ತೀರಿಕೊಂಡಾಗ ಇನ್ನು ಅಂಗಡಿಗೆ ಬೀಗ ಬಿತ್ತು ಎಂದುಕೊಂಡವರೇ ಹೆಚ್ಚು. ಅವರು ಶಟರನ್ನೂ ಇಳಿಸಲಿಲ್ಲ, ಹಣೆಯ ಕುಂಕುಮವನ್ನೂ ಬಿಡಲಿಲ್ಲ. ಯಾರಾದರೂ ಕುಂಕುಮದ ಮಾತೆತ್ತಿದರೆ, "ಇದು ನಮ್ಮಮ್ಮ ಚಿಕ್ಕಂದಿನಲ್ಲಿ ಇಟ್ಟಿದ್ದು. ಗಂಡ ಬಂದಿದ್ದು ಆಮೇಲೆ" ಎನ್ನುತ್ತಿದ್ದರು.

ಬೇರೆ ಹೆಂಗಸರು ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡರೆ ಇವರು ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆ ಸಿಕ್ಕಿಸಿಕೊಳ್ಳುತ್ತಿದ್ದರು. ಕನ್ನಡಕ ಹಾಕಿಕೊಂಡವರು ಫೋಟೋಗೆ ಬಂದರೆ ಕೇಳದೆಯೇ ಕನ್ನಡಕ ತೆಗೆದು, ಅದೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸುತ್ತಿದ್ದರು. ಎಂಥಾ ದೊಡ್ಡ ಲಾಯರಾದರೂ ಅಷ್ಟೇ, ಪಿಟ್ಟೆನ್ನದೆ ಕೂರಬೇಕು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತರಗುಪೇಟೆಯಲ್ಲಿ ಅಪ್ಪನ ಜೊತೆ ಬೇಳೆ ಮೂಟೆ ಹೊತ್ತು, ಲಾರಿಯಲ್ಲಿ ಕ್ಲೀನರಾಗಿ, ಆಮೇಲೆ ಡ್ರೈವರಾಗಿ, ಇವತ್ತು ನನ್ನ ಹೆಸರಿನಲ್ಲಿ ಎರಡು ಕಾರು, ಒಂದು ಟೆಂಪೋ ಟ್ರಾವೆಲರ್ ಓಡುತ್ತಿವೆ. ಯಾರ ಕೈಕಾಲೂ ಹಿಡಿಯದೆ ಮೇಲೆ ಬಂದೆ ಎಂದು ಹೇಳಿಕೊಳ್ಳುವುದು ನನಗೆ ಇಷ್ಟ. ಅದು ನಿಜವೂ ಹೌದು. ಆದರೆ ಎದೆ ಎತ್ತಿ ನಿಲ್ಲುವುದನ್ನು ಮೊದಲು ಹೇಳಿಕೊಟ್ಟವರು ಈ ಅಮ್ಮ.

ಲೈಸೆನ್ಸಿಗೆ ಫೋಟೋ ಬೇಕೆಂದು ಮೊದಲ ಸಲ ಅವರ ಅಂಗಡಿಗೆ ಹೋದಾಗ ನನ್ನ ಮೈಮೇಲೆಲ್ಲ ತೊಗರಿಬೇಳೆ ಧೂಳು. ಸ್ಟೂಲಿನ ಮೇಲೆ ಮುದುಡಿಕೊಂಡು, ತಲೆ ತಗ್ಗಿಸಿ ಕೂತಿದ್ದೆ.

"ಏನಪ್ಪ, ನೆಲದ ಮೇಲೆ ಏನಾದ್ರೂ ಬಿದ್ದಿದೆಯಾ?"

"ಇಲ್ಲಮ್ಮ."

"ಮತ್ತೆ ಎದೆ ಎತ್ತು. ಈ ಫೋಟೋ ನೋಡೋನು ಪೊಲೀಸು. ತಲೆ ಬಗ್ಗಿಸಿದ್ರೆ ಇವನೇನೋ ಮಾಡ್ಬಿಟ್ಟಿದಾನೆ ಅಂತ್ಲೇ ಗಾಡಿ ಸೈಡಿಗೆ ಹಾಕಿಸ್ತಾನೆ."

ನನಗೆ ನಗು ಬಂತು. ನಗು ಇನ್ನೂ ಮುಖದ ಮೇಲೆ ಇರುವಾಗಲೇ ಕ್ಲಿಕ್ ಅನಿಸಿಬಿಟ್ಟರು. ಆ ಫೋಟೋದಲ್ಲಿ ನಾನು ಯಾವುದೋ ಮಂಡಿಯ ಯಜಮಾನನ ಹಾಗೆ ಕಾಣುತ್ತೇನೆ. ಅದರ ಒಂದು ಕಾಪಿ ಈಗಲೂ ನನ್ನ ಪರ್ಸಿನಲ್ಲಿದೆ.

ಆಮೇಲೆ ಅವರ ಮದುವೆ ಆರ್ಡರುಗಳಿಗೆಲ್ಲ ನಾನೇ ಗಾಡಿ ಓಡಿಸಿದೆ. ಮೊದಲು ನನ್ನನ್ನು "ಡ್ರೈವರಪ್ಪ" ಎಂದು ಕೂಗುತ್ತಿದ್ದರು. ನಾನು ಸ್ವಂತ ಕಾರು ಕೊಂಡು ಅವರ ಅಂಗಡಿ ಮುಂದೆ ತಂದು ನಿಲ್ಲಿಸಿದ ದಿನ ಹೊರಗೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, "ಬಾರಪ್ಪ ಓನರಪ್ಪ" ಅಂದರು. ಅವತ್ತಿನಿಂದ ಅದೇ ಹೆಸರು ನಿಂತಿತು.

ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋಗೆ ಬರುವ ಜನ ಕಡಿಮೆಯಾದರು. ಅಮ್ಮ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಈಚೆಗೆ ಕಾಲೇಜಿನ ಮಕ್ಕಳು ಮತ್ತೆ ಸಣ್ಣ ಸಣ್ಣ ಕ್ಯಾಮೆರಾಗಳನ್ನು ಹುಡುಕಿಕೊಂಡು ಬರತೊಡಗಿದಾಗ, ಗಾಜಿನ ಬೀರುವಿನಲ್ಲಿ ಅವನ್ನು ಸಾಲಾಗಿ ಜೋಡಿಸಿ ಮಾರಲು ಶುರು ಮಾಡಿದರು. ರಿಪೇರಿಯನ್ನೂ ಹಿಡಿದರು.

ವಿಜಯದಶಮಿಯ ಮರುದಿನ ಅವರ ಅಂಗಡಿಯನ್ನು ನೋಡಬೇಕಿತ್ತು. ಆಯುಧ ಪೂಜೆಯಲ್ಲಿ ನಾವು ಗಾಡಿ, ಗರಗಸ, ಹೊಲಿಗೆ ಮಿಷನ್ನು, ಕಂಪ್ಯೂಟರು ಯಾವುದನ್ನೂ ಬಿಡದೆ ಕುಂಕುಮ ಇಡುತ್ತೇವಲ್ಲ, ಕ್ಯಾಮೆರಾ ಇದ್ದವರು ಅದಕ್ಕೂ ಇಡುತ್ತಾರೆ. ಎಲ್ಲಿ ಇಡುತ್ತಾರೆ? ನಟ್ಟನಡುವೆ ದುಂಡಗೆ ಕಾಣುವ ಲೆನ್ಸಿಗೇ. ಈ ಸಣ್ಣ ಕ್ಯಾಮೆರಾಗಳಲ್ಲಿ ಸ್ವಿಚ್ ಹಾಕಿದರೆ ಲೆನ್ಸು ಆಮೆಯ ಕತ್ತಿನ ಹಾಗೆ ಹೊರಗೆ ಬರುತ್ತದೆ, ಆರಿಸಿದರೆ ಒಳಗೆ ಹೋಗುತ್ತದೆ. ಹೋಗುವಾಗ ಕುಂಕುಮವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಆಮೇಲೆ 'ಗರ್ರ್' ಎಂದು ಒಂದು ಸದ್ದು, ಅಲ್ಲಿಗೆ ಕಥೆ ಮುಗಿಯಿತು. ಒಬ್ಬರಂತೂ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಬೂದುಗುಂಬಳಕಾಯಿ ಒಡೆದಿದ್ದರು. ಕ್ಯಾಮೆರಾ ಬಿಚ್ಚಿದರೆ ಒಳಗಿನಿಂದ ಬೀಜ ಬಂತು.

"ಹಾಗಾದ್ರೆ ಪೂಜೆ ಮಾಡಿದ್ದೇ ತಪ್ಪಾ ಅಮ್ಮ?" ಎಂದು ಅವರು ಮುಖ ಸಣ್ಣ ಮಾಡಿಕೊಂಡು ಕೇಳಿದರು.

"ಪೂಜೆ ಯಾಕೆ ತಪ್ಪಾಗುತ್ತೆ? ಮನೇಲಿ ದೇವರಿಗೆ ಕುಂಕುಮ ಎಲ್ಲಿಡ್ತೀರಿ? ಕಣ್ಣಿಗಾ?"

"ಹಣೆಗೆ."

"ಇದಕ್ಕೂ ಹಣೆ ಇದೆ, ಹುಡುಕಬೇಕು" ಎಂದು ಲೆನ್ಸಿಗಿಂತ ಮೇಲೆ, ಕ್ಯಾಮೆರಾದ ಮೈಯಲ್ಲಿರುವ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಟೂರಿಸ್ಟ್ ಗಾಡಿ ಓಡಿಸುವವರಿಗೆ ಸ್ಟೇರಿಂಗ್ ಬಿಟ್ಟರೆ ಇನ್ನೊಂದು ಕೆಲಸ ಫೋಟೋ ತೆಗೆಯುವುದು. "ಡ್ರೈವರ್, ಇಲ್ಲೊಂದು ಫೋಟೋ ತೆಗೀರಿ" ಎಂದು ಫೋನು ಕೈಗೆ ಕೊಡುತ್ತಾರೆ. ಬೇಲೂರಿನಲ್ಲಿ ಯಾವ ಹೊತ್ತಿಗೆ ಯಾವ ಗೋಡೆಗೆ ಬಿಸಿಲು ಬೀಳುತ್ತದೆ, ಶ್ರವಣಬೆಳಗೊಳದ ಮೆಟ್ಟಿಲಿನಲ್ಲಿ ಎಲ್ಲಿ ನಿಲ್ಲಿಸಿದರೆ ಹಿಂದೆ ಕೊಳ ಕಾಣುತ್ತದೆ, ಎಲ್ಲ ನನಗೆ ಬಾಯಿಪಾಠ. ನಾನು ತೆಗೆದ ಫೋಟೋಗಳು ಎಷ್ಟು ಮನೆಗಳ ಗೋಡೆ ಮೇಲೆ ಇವೆಯೋ ಗೊತ್ತಿಲ್ಲ. ನನ್ನ ಹತ್ತಿರ ಒಂದೂ ಇರಲಿಲ್ಲ. ಎಲ್ಲ ಅವರವರ ಫೋನಿನಲ್ಲಿ ಅವರವರ ಮನೆಗೆ ಹೋದವು. ನನ್ನ ಹೆಂಡತಿ, ನನ್ನ ತಾಯಿ ಆ ಜಾಗಗಳನ್ನು ಕಣ್ಣಲ್ಲಿ ಕೂಡ ಕಂಡಿರಲಿಲ್ಲ.

ಅವರಿಬ್ಬರನ್ನೂ ಕೂರಿಸಿಕೊಂಡು ಹೋಗಬೇಕೆಂದು ತೀರ್ಮಾನ ಮಾಡಿದಾಗ ಇನ್ನೊಂದನ್ನೂ ತೀರ್ಮಾನ ಮಾಡಿದೆ. ಫೋನಿನಲ್ಲಿ ಬೇಡ. ಅದರಲ್ಲಿ ಒಂದು ಫೋಟೋ ತೆಗೆಯುವಷ್ಟರಲ್ಲಿ ಬಾಡಿಗೆಯವರ ಮೂರು ಕರೆ ಬರುತ್ತವೆ. ಗಾಡಿ ನನ್ನದು, ಒಳಗೆ ಕೂತವರು ನನ್ನವರು, ಕ್ಯಾಮೆರಾನೂ ನನ್ನದೇ ಇರಬೇಕು. ಅದೂ ಯಾರ ಮುಂದೆ ಹಿಡಿದರೂ ತಲೆ ಎತ್ತುವಂಥದ್ದು. ಹಬ್ಬಕ್ಕೆ, ಮನೆಗೆ, ದಿನ ಬೆಳಗಾದರೆ ಕಣ್ಣಿಗೆ ಬೀಳುವುದಕ್ಕೆಲ್ಲ ಆಗಬೇಕು.

ಅಮ್ಮನಿಗೆ ತೊಂದರೆ ಯಾಕೆ ಎಂದು ದೊಡ್ಡ ಷೋರೂಮೊಂದಕ್ಕೆ ಹೋದೆ. ಬಾಡಿಗೆ ಮುಗಿಸಿ ಬಂದಿದ್ದರಿಂದ ಮೈಮೇಲೆ ಬಿಳಿ ಯೂನಿಫಾರಂ ಇತ್ತು. ಅಲ್ಲಿಯ ಸೇಲ್ಸ್‌ನವನು ಮರ್ಯಾದೆಯಿಂದಲೇ ಕೇಳಿದ: "ನಿಮ್ ಓನರ್‌ಗಾ ಸರ್? ಅವರನ್ನೇ ಕರ್ಕೊಂಡ್ ಬನ್ನಿ, ಡೆಮೋ ಕೊಡ್ತೀವಿ."

"ಹೌದು, ಓನರ್‌ಗೇ" ಅಂದೆ. "ಅವರಿಗೆ ಈ ಅಂಗಡಿ ಇಷ್ಟ ಆಗ್ಲಿಲ್ಲ."

ಹೊರಗೆ ಬಂದು ಗಾಡಿ ಹತ್ತಿದರೂ ಕಿವಿ ಬಿಸಿ ಆರಲಿಲ್ಲ. ನೇರ ಗಾಂಧಿ ಬಜಾರಿಗೆ ಹೋದೆ. ಅಮ್ಮ ಪೂರ್ತಿ ಕೇಳಿ ಮೊದಲು ಜೋರಾಗಿ ನಕ್ಕರು. ಆಮೇಲೆ ಅವರಿಗೂ ಸಿಟ್ಟು ಬಂತು. "ಭಾನುವಾರ ಬಾ. ಒಳ್ಳೇವು ಮೂರು ತರಿಸಿಡ್ತೀನಿ. ಓನರನ್ನೂ ಕರ್ಕೊಂಡ್ ಬಾ" ಅಂದರು. ಓನರ್ ಅಂದರೆ ನನ್ನ ಹೆಂಡತಿ.

ಭಾನುವಾರ ಮೂರು ಕ್ಯಾಮೆರಾಗಳು ಮೇಜಿನ ಮೇಲೆ ಕೂತಿದ್ದವು. ಒಂದಕ್ಕೆ ಉದ್ದ ಜೂಮು; ಗೋಪುರದ ತುದಿಯ ಕಳಸವನ್ನು ಕೈಗೆ ತಂದುಕೊಡುತ್ತದೆ, ಆದರೆ ಹೊಟ್ಟೆ ದಪ್ಪ. ಎರಡನೆಯದು ಸಣ್ಣದು, ಸಾಧಾರಣ ಜೂಮು, ಒತ್ತಿದರೆ ಮೇಲೇಳುವ, ಕಣ್ಣಿಟ್ಟು ನೋಡುವ ಒಂದು ಪುಟ್ಟ ಕಿಂಡಿ. ಮೂರನೆಯದು ಹಳೇ ಕಾಲದ ಕ್ಯಾಮೆರಾದ ಹಾಗೆ ಬಲು ಚೆಂದ. ಅದಕ್ಕೆ ಜೂಮೇ ಇಲ್ಲ, ಬೆಲೆ ಮಾತ್ರ ಎಲ್ಲಕ್ಕಿಂತ ಮೇಲೆ. ನಾನು ಅದರ ಮೇಲೆ ಕೈ ಇಟ್ಟೆ.

"ಯಾಕೆ ಅದೇ?" ಅಂದರು ಅಮ್ಮ.

"ಮೂರರಲ್ಲಿ ಅದೇ ದೊಡ್ಡ ರೇಟಿಂದು ಅಲ್ವಾ?"

"ಚೆನ್ನಾಗಿರೋದೇ, ಇಲ್ಲ ಅನ್ನಲ್ಲ. ನಿಂಗೆ ಜಂಬಕ್ಕೆ ಬೇಕಾ, ಜೇಬಿಗೆ ಬೇಕಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಜಂಬ ಆಗ್ಲೇ ಮನೆ ತುಂಬಾ ಇದೆ ಅಮ್ಮ. ಜೇಬಿಗೇ ಕೊಡಿ" ಅಂದಳು. ಇಬ್ಬರೂ ಸೇರಿ ನಕ್ಕರು.

"ನಡಿ ಹೊರಗೆ" ಎಂದು ಅಮ್ಮ ನನ್ನನ್ನು ರಸ್ತೆಗೆ ಕರೆತಂದರು. "ಜೇಬಲ್ಲಿ ಇಟ್ಕೊಂಡು, ದಿನಾ ಟೈರ್ ನೋಡಕ್ಕೆ ಬಗ್ತೀಯಲ್ಲ, ಹಾಗೆ ಬಗ್ಗು."

ದೊಡ್ಡ ಜೂಮಿನದು ಪ್ಯಾಂಟಿನ ಜೇಬಿಗೆ ಇಳಿಯಲೇ ಇಲ್ಲ. ಚೆಂದದ್ದು ಕಷ್ಟಪಟ್ಟು ಇಳಿಯಿತು, ಆದರೆ ಕುಕ್ಕರಗಾಲಿನಲ್ಲಿ ಕೂತರೆ ತೊಡೆಗೆ ಒತ್ತುತ್ತಿತ್ತು. ಹೂವು ಕೊಳ್ಳಲು ಹೊರಟವರು ನಿಂತು ನನ್ನನ್ನೇ ನೋಡುತ್ತಿದ್ದರು. ಸಣ್ಣದನ್ನು ಇಟ್ಟುಕೊಂಡು ಬಗ್ಗಿದೆ. ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

"ಬಗ್ಗಿದಾಗ ಚುಚ್ಚೋ ಕ್ಯಾಮೆರಾ ನಾಳೆಯಿಂದ ಬೀರೂಲೇ ಇರುತ್ತೆ, ನೋಡ್ತಿರು" ಅಂದರು ಅಮ್ಮ.

ನನಗೆ ಇನ್ನೂ ಸಮಾಧಾನವಿಲ್ಲ. "ಇಷ್ಟು ಚಿಕ್ಕದರಲ್ಲಿ ಏನಮ್ಮ ಬರುತ್ತೆ? ಫೋನಿದ್ದ ಹಾಗೇ ಇದೆ. ನಾಲ್ಕು ಜನರ ಮುಂದೆ ಹಿಡಿಯೋದು ಹೇಗೆ?"

"ಒಳಗಿರೋ ಸೆನ್ಸರ್ ಫೋನಿಂದಕ್ಕಿಂತ ದೊಡ್ಡದು ಕಣೋ. ಅದು ಬಟ್ಟಲಿದ್ದ ಹಾಗೆ, ದೊಡ್ಡದಾದಷ್ಟೂ ಬೆಳಕು ಜಾಸ್ತಿ ಹಿಡಿಯುತ್ತೆ. ಲೆನ್ಸಿನ ಬಾಯಿನೂ ಅಗಲ. ಬೇಲೂರು ಗುಡಿ ಒಳಗೆ ಕತ್ತಲೆ ತಾನೆ?"

"ಹೌದು."

"ಹಾಗಾದ್ರೆ ಮಾತ್ಯಾಕೆ?" ಎಂದು ಒಳಗೆ ಹೋಗಿ ಸ್ಟುಡಿಯೋದ ದೀಪಗಳನ್ನೆಲ್ಲ ಆರಿಸಿಬಿಟ್ಟರು. ಬಾಗಿಲಿನಿಂದ ಬರುವ ಬೆಳಕಷ್ಟೇ ಉಳಿಯಿತು. ನಾನು ಅಂದು ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತು, "ಹೂಂ, ತೆಗಿ ನಂದು" ಅಂದರು.

ಪುಟ್ಟ ಕಿಂಡಿ ಮೇಲೆತ್ತಿ ಬಲಗಣ್ಣು ಇಟ್ಟೆ. ಅಮ್ಮನವು ಎಷ್ಟು ಮದುಮಕ್ಕಳ ಗಲ್ಲ ಹಿಡಿದು ಮುಖ ತಿರುಗಿಸಿದ ಕೈಗಳೋ, ಈಗ ಎಲ್ಲಿ ಇಡಬೇಕೆಂದು ಅವಕ್ಕೇ ಗೊತ್ತಾಗುತ್ತಿರಲಿಲ್ಲ. ಸೆರಗು ಎಳೆದುಕೊಂಡರು, ಸೊಂಟದ ಬಟ್ಟೆ ಮುಟ್ಟಿ ನೋಡಿಕೊಂಡರು, ಆಮೇಲೆ ತಲೆ ತಗ್ಗಿಸಿಬಿಟ್ಟರು.

"ಏನಮ್ಮ, ನೆಲದ ಮೇಲೆ ಏನಾದ್ರೂ ಬಿದ್ದಿದೆಯಾ?" ಅಂದೆ.

ಒಂದು ಗಳಿಗೆ ಅವರಿಗೆ ಹೊಳೆಯಲಿಲ್ಲ. ಹೊಳೆದಾಗ ತಲೆ ಎತ್ತಿ ನಕ್ಕರು ನೋಡಿ, ಒತ್ತಿಬಿಟ್ಟೆ.

ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಆ ಕತ್ತಲೆಯಲ್ಲೂ ಎಡಗಣ್ಣಿನ ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಕುಂಕುಮದ ಕೆಂಪು ಕೆಂಪಾಗಿಯೇ ಇತ್ತು. ಅಮ್ಮ ಕುರ್ಚಿಯನ್ನು ಸ್ಕ್ರೀನಿನ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮೆಜಮಾನ್ರು ಮದುವೆ ಹೊಸದರಲ್ಲಿ ಒಂದು ತೆಗೆದಿದ್ರು. ಅದೂ ಎಲ್ಲೋ ಕಳೆದುಹೋಯ್ತು. ಆಮೇಲೆ ನಂದು ಯಾರು ತೆಗೀತಾರೆ?" ಎಂದು ಸ್ಕ್ರೀನನ್ನು ತಮ್ಮ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಮತ್ತೆ ನೋಡಿದರು. "ಪರವಾಗಿಲ್ಲ ಕಣೋ. ಚೆನ್ನಾಗೇ ಇದೀನಿ."

ಆ ಮಾತು ಕೇಳಿದ ಮೇಲೆ ನನಗೆ ಬೇರೆ ಕ್ಯಾಮೆರಾ ಬೇಕಾಗಲಿಲ್ಲ. ಕಾರ್ಡಿನಿಂದ ಆ ಫೋಟೋ ಅಳಿಸಿ ಕೊಡುತ್ತೇನೆ ಎಂದರು. ನಾನು, "ಬೇಡಮ್ಮ. ನನ್ನ ಕ್ಯಾಮೆರಾದ ಮೊದಲನೇ ಫೋಟೋ ಅದು" ಅಂದೆ.

ಕೊಡುವ ಮುಂಚೆ ಒಂದು ಚೂರು ಕುಂಕುಮವನ್ನು ಗಂಧದಲ್ಲಿ ಕಲಸಿ, "ಹಣೆ ಎಲ್ಲಿದೆ, ಹೇಳು" ಅಂದರು. ತೋರಿಸಿದೆ. ಅಲ್ಲಿ ಸಾಸಿವೆ ಕಾಳಿನಷ್ಟು ಬೊಟ್ಟು ಇಟ್ಟು ನನ್ನ ಕೈಗೆ ಕೊಟ್ಟರು.

ಬೇಲೂರಿಗೆ ಹೆಂಡತಿ ಮುಂದಿನ ಸೀಟಿನಲ್ಲಿ, ತಾಯಿ ಹಿಂದೆ ಕಾಲು ಚಾಚಿಕೊಂಡು ಬಂದರು. ಗುಡಿಯ ಮುಂದೆ ನಿಂತು, ಬೇರೆ ಗಾಡಿಯ ಡ್ರೈವರೊಬ್ಬನಿಗೆ ಕ್ಯಾಮೆರಾ ಕೊಟ್ಟು, "ಗುರು, ನಮ್ದೊಂದು ಫೋಟೋ ತೆಗಿ" ಅಂದೆ. ಎಷ್ಟು ವರ್ಷ ನಾನು ಕೇಳಿಸಿಕೊಂಡ ಮಾತು ಅದು! ನನ್ನ ಬಾಯಲ್ಲಿ ಬಂದಾಗ ಮೈ ಜುಂ ಅಂದಿತು. ಊರಿಗೆ ಬಂದು ಪ್ರಿಂಟು ತೋರಿಸಿದರೆ ಸ್ಟುಡಿಯೋ ಅಮ್ಮ ಮೊದಲು ನೋಡಿದ್ದು ಅಂಚನ್ನು. "ಯಾರೋ ಇದು ತೆಗೆದೋನು? ನಿಮ್ಮಮ್ಮನ ಪಾದ ಕತ್ತರಿಸಿಬಿಟ್ಟಿದಾನೆ." ಆಮೇಲೆ ನನ್ನನ್ನು ನೋಡಿದರು. "ಎದೆ ಮಾತ್ರ ಎತ್ತಿದೀಯ, ಬಿಡು."

ಈ ವರ್ಷ ಯುಗಾದಿ ಕಳೆದ ಮೇಲೆ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಕಾರ್ಯಗಳನ್ನು ಮಾಡಿದ್ದು ಅವರ ಮೈದುನನ ಮಗ. ಅವನು ನನಗೆ ಫೋನು ಮಾಡಿ, "ದೊಡ್ಡಮ್ಮಂದು ಒಂದೂ ಫೋಟೋ ಸಿಗ್ತಿಲ್ಲ ರೀ. ನಮ್ಮ ಮನೆ ಮದುವೆ, ಮುಂಜಿ ಎಲ್ಲಾ ಆಲ್ಬಂ ತೆಗೆದು ನೋಡಿದ್ವಿ. ಎಲ್ಲೂ ಇಲ್ಲ. ತೆಗೀತಿದ್ದೋರು ಅವರೇ ಅಲ್ವಾ? ಅವರ ಜೊತೆ ನೀವು ತುಂಬಾ ಓಡಾಡಿದೀರಿ, ನಿಮ್ಮ ಹತ್ತಿರ ಏನಾದ್ರೂ..." ಎಂದು ನಿಲ್ಲಿಸಿದ.

"ಇದೆ" ಅಂದೆ.

ನಾನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ವೈಕುಂಠ ಸಮಾರಾಧನೆಯ ದಿನ ಅದನ್ನು ಇಟ್ಟು ಹಾರ ಹಾಕಿದರು. ಹಿರಿಯ ಹೆಂಗಸೊಬ್ಬರು ಕುಂಕುಮದ ಬಟ್ಟಲು ಹಿಡಿದು, ಇಡಬೇಕೋ ಬೇಡವೋ ಎಂದು ಫೋಟೋ ಮುಂದೆ ಅನುಮಾನಿಸುತ್ತ ನಿಂತರು. ಫೋಟೋದಲ್ಲಿ ಅಮ್ಮನ ಹಣೆಯ ಮೇಲೆ ಅದು ಆಗಲೇ ಇತ್ತು, ಕೆಂಪಗೆ. ಅವರು ಸುಮ್ಮನೆ ಬೆರಳು ಅದ್ದಿ, ಗಾಜಿನ ಮೇಲೆ ಸರಿಯಾಗಿ ಅದೇ ಜಾಗಕ್ಕೆ ಬೊಟ್ಟಿಟ್ಟರು.

ಊಟದ ಹೊತ್ತಿಗೆ ಜರಿ ಪಂಚೆಯ ಯಜಮಾನರೊಬ್ಬರು ಫೋಟೋ ಮುಂದೆ ನಿಂತು, ಕನ್ನಡಕ ಸರಿ ಮಾಡಿಕೊಂಡು, "ಎಂಥಾ ಜೀವಕಳೆ ಇದೆ ರೀ! ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು?" ಎಂದು ಕೇಳಿದರು. ಮೈದುನನ ಮಗ ನನ್ನ ಕಡೆ ಕೈ ತೋರಿಸಿದ. ಆ ದಿನವೂ ನಾನು ಬಿಳಿ ಯೂನಿಫಾರಂನಲ್ಲೇ ಇದ್ದೆ, ಸಂಜೆ ಬಾಡಿಗೆ ಇತ್ತು.

"ಅವರ ಸ್ಟುಡಿಯೋದಲ್ಲೇ ಸ್ವಾಮಿ" ಅಂದೆ. "ತೆಗೆದಿದ್ದು ನಾನು."

ನೆಲದ ಮೇಲೆ ಏನೂ ಬಿದ್ದಿರಲಿಲ್ಲ. ಎದೆ ಎತ್ತಿಯೇ ಹೇಳಿದೆ.